ಕಿಟಕಿಯಿಂದ ಹಿಡಿದ ಸೀಟು

ಕೊಪ್ಪಳ,
9 ಜೂನ್ 2025

ಸಿಟಿ ಬಸ್ಸಿನ ಮಾಜಿ ಸಾರಥಿ, ಹಾಲಿ ಯಲಬುರ್ಗಾದಲ್ಲಿ ಅಣ್ಣನ ಮನೆಯ ಪಡಸಾಲೆಯ ಏಕೈಕ ಪ್ರಜೆ, ಶ್ರೀಮಾನ್ ಮಾಂತೇಶಪ್ಪನವರಿಗೆ,

ಕಾಟನ್ ಮಿಲ್ ಸ್ಟಾಪಿನ ಎದುರು ಅಂಗಡಿಯ ದರ್ಜಿ ಉಮರಸಾಬನ ಸಲಾಮುಗಳು. ನಾನು ಕ್ಷೇಮ. ನನ್ನ ಮಷೀನು ಕ್ಷೇಮ. ನಿನ್ನ ಕ್ಷೇಮ ವಿಚಾರಿಸುವ ಧೈರ್ಯ ಸಾಲದೆ ಆ ಸಾಲನ್ನು ಬಿಟ್ಟಿದ್ದೇನೆ.

ಫೋನಿರುವಾಗ ಪತ್ರ ಯಾಕೆ ಎಂದು ಕೇಳುತ್ತೀ. ನಿನ್ನ ವಕೀಲರು ಅಂಗಡಿಗೇ ಬಂದು, ಸಾಕ್ಷಿ ಹೇಳುವವನ ಜೊತೆ ಆರೋಪಿ ಫೋನಿನಲ್ಲಿ ಮಾತಾಡಕೂಡದು, ಎಲ್ಲಾ ರೆಕಾರ್ಡ್ ಆಗುತ್ತದೆ ಎಂದು ಅಪ್ಪಣೆ ಕೊಟ್ಟು ಹೋದರು. ಪತ್ರದ ವಿಷಯ ಎತ್ತಲಿಲ್ಲ. ಈ ಕಾಲದಲ್ಲಿ ಕಾಗದದ ಮೇಲೆ ಬರೆಯುವ ಪ್ರಾಣಿ ಇನ್ನೂ ಬದುಕಿದೆ ಎಂಬ ಅನುಮಾನ ಆ ವಿದ್ವಾಂಸರಿಗೆ ಬಂದಂತಿಲ್ಲ. ಯಲಬುರ್ಗಾ ಬಸ್ಸಿನ ಕಂಡಕ್ಟರ್ ಗೀತಾ ಈ ಲಕೋಟೆಯನ್ನು ಟಿಕೆಟ್ ಚೀಲದಲ್ಲಿಟ್ಟು ನಿನಗೆ ಮುಟ್ಟಿಸಲು ಒಪ್ಪಿದ್ದಾಳೆ. ಲಗೇಜು ಚಾರ್ಜು ಹಾಕಲಿಲ್ಲ, ದೊಡ್ಡ ಮನಸ್ಸು.

ಸ್ಟಾಪಿನ ಸಮಾಚಾರ. ಆ ದಿನದ ನಂತರ ಜನ ಬದಲಾಗಿದ್ದಾರೆ ಎಂದು ನೀನು ಭಾವಿಸಿದ್ದರೆ ಅದು ನಿನ್ನ ಒಳ್ಳೆಯತನ. ಬದಲಾಗಿದ್ದರು, ಸ್ವಲ್ಪ ದಿನ. ಸುನಿತಾ ಬಿದ್ದ ಜಾಗಕ್ಕೆ ಯಾರೋ ಕಲ್ಲಿಟ್ಟು ಅರಿಸಿನ ಕುಂಕುಮ ಹಾಕಿದ್ದರು. ಆ ಕಲ್ಲು ಇರುವ ತನಕ ಜನ ಸಾಲಾಗಿ ನಿಂತರು. ಒಂದು ಟಂಟಂ ಆಟೋ ಬಂದು ಕಲ್ಲನ್ನು ಗಟಾರಕ್ಕೆ ಕೆಡವಿತು, ಸಾಲೂ ಹಿಂದೆಯೇ ಬಿತ್ತು.

ಈಗ ಮೊದಲಿನ ವೈಭವವೇ. ಗಿಣಿಗೇರಿ ಬಸ್ಸು ತಿರುವಿನಲ್ಲಿ ಮೂತಿ ತೋರಿಸಿದರೆ ಸಾಕು, ಗಂಡಸರ ಹೆಗಲಿನಿಂದ ಟವೆಲು ಇಳಿಯುತ್ತದೆ, ಹೆಂಗಸರ ಕೈಗೆ ಚೀಲ ಬರುತ್ತದೆ, ಮಕ್ಕಳಿದ್ದವರು ಮಕ್ಕಳನ್ನು ಎತ್ತಿಕೊಳ್ಳುತ್ತಾರೆ. ಬಸ್ಸಿನ ಪಕ್ಕದಲ್ಲೇ ಓಡುತ್ತಾ ಕಿಟಕಿಯಿಂದ ಏನು ಹಾಕಿದರೂ ಸೀಟು ನಿಮ್ಮದು. ಇದು ಯಾವ ಕಾಯ್ದೆಯಲ್ಲಿಯೂ ಇಲ್ಲ, ಆದರೆ ಇಷ್ಟು ನಿಷ್ಠೆಯಿಂದ ನಾವು ಪಾಲಿಸುವ ಕಾಯ್ದೆ ಮತ್ತೊಂದಿಲ್ಲ. ಟವೆಲನ್ನು ಎತ್ತಿ ಒಗೆದು ಕೂರುವ ಪಾಪಿಗಳು ಒಬ್ಬಿಬ್ಬರು ಇದ್ದಾರೆ. ಮಗುವನ್ನು ಎತ್ತಿ ಒಗೆಯುವವನು ಇನ್ನೂ ಹುಟ್ಟಿಲ್ಲ. ಆ ಭರವಸೆಯ ಮೇಲೆಯೇ ಸುನಿತಾ ಅವತ್ತು ಮಗಳನ್ನು ಕಿಟಕಿಯಿಂದ ಒಳಗೆ ಬಿಟ್ಟದ್ದು.

ನಾನು ಕತ್ತರಿ ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ಮಗು ಒಳಗೆ ಹೋಯಿತು. ಬಸ್ಸು ನಿನ್ನ ಎಂದಿನ ಪದ್ಧತಿಯಂತೆ ಸ್ಟಾಪು ದಾಟಿ ಬೇವಿನ ಗಿಡದ ಕಡೆ ಹೊರಟಿತು. ಅವಳು ಜೊತೆಗೆ ಓಡಿದಳು, ಗಟಾರದ ಅಂಚಿನಲ್ಲಿ ಕಾಲು ಜಾರಿತು. ಹಿಂದಿನ ಗಾಲಿ. ಆಮೇಲೆ ಆದದ್ದು ನಿನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಜನ ಕಲ್ಲು ಎತ್ತಿದ್ದರಿಂದ ಪೊಲೀಸರು ನಿನ್ನನ್ನು ಬೇಗ ಒಯ್ದರು. ಪ್ರಯಾಣಿಕರೆಲ್ಲ ಇಳಿದು ರಸ್ತೆಗೆ ಬಂದರು. ಆಗ ಯಾರಿಗೋ ಮಗುವಿನ ನೆನಪಾಗಿ ನನ್ನನ್ನು ಒಳಗೆ ಕಳಿಸಿದರು. ಖಾಲಿ ಬಸ್ಸು. ಆರು ವರ್ಷದ ಹುಡುಗಿ ಕಿಟಕಿಯ ಹತ್ತಿರ ಕೂತು, ಪಕ್ಕದ ಜಾಗದ ಮೇಲೆ ಎರಡೂ ಅಂಗೈ ಒತ್ತಿ ಹಿಡಿದಿತ್ತು. ನನ್ನನ್ನು ಕಂಡೊಡನೆ ಹೇಳಿತು.

“ಇಲ್ಲಿ ಕುಂದ್ರಬ್ಯಾಡ್ರಿ. ನಮ್ಮವ್ವ ಬರ್ತಾಳ.”

ಅಷ್ಟೂ ಸೀಟುಗಳು ಖಾಲಿ ಇದ್ದವು, ಮಾಂತ್ಯಾ. ನಾನು ನಿಂತೇ ಇದ್ದೆ.

ನಿನ್ನ ಇಲಾಖೆಯವರು ವಿಚಾರಣೆಗೆ ನನ್ನನ್ನು ಕರೆಯುತ್ತಾರಂತೆ. ಕಂಡದ್ದು ಹೇಳುತ್ತೇನೆ. ಸೀಟಿನ ಆಸೆಗೆ ಓಡಿದಳು, ಜಾರಿದಳು. ನಿನಗೆ ಇದರಿಂದ ತೊಂದರೆ ಆಗಲಾರದು ಅನ್ನಿಸುತ್ತದೆ. ಊಟ ಬಿಡಬೇಡ.

ಇಂತಿ,
ಅಳತೆ ತಪ್ಪದವನೆಂದು ತನ್ನನ್ನು ತಾನೇ ಹೊಗಳಿಕೊಳ್ಳುವ
ಉಮರಸಾಬ


ಯಲಬುರ್ಗಾ,
17 ಜೂನ್ 2025

ಉಮರ್ಯಾ,

ಪತ್ರ ಮುಟ್ಟಿತು. ಗೀತಾ ಕೊಡುವಾಗ ನನ್ನ ಮುಖ ನೋಡಲಿಲ್ಲ. ಒಂದೇ ಸಂಸ್ಥೆಯ ಅನ್ನ ಉಂಡವಳು, ನಾಳೆ ತನ್ನ ಬಸ್ಸಿಗೂ ಹೀಗಾದರೆ ಎಂದು ಹೆದರಿರಬೇಕು.

ನೀನು ಬರೆದಂತೆಯೇ ಹೇಳು. ಓಡಿದಳು, ಜಾರಿದಳು. ಜಾರಿದಳು ಎಂಬ ಮಾತು ಬಿಡಬೇಡ, ಅದು ಮುಖ್ಯ ಎಂದು ವಕೀಲರು ಹೇಳಿದ್ದಾರೆ. ಅದು ಸುಳ್ಳೂ ಅಲ್ಲ.

ಬಸ್ಸು ಗಿಡದ ತನಕ ಯಾಕೆ ಹೋಯಿತು ಎಂದು ಕೇಳಿದರೆ ನಿನಗೆ ಗೊತ್ತಿಲ್ಲ ಎನ್ನು. ನಿನಗೆ ಗೊತ್ತಿರುವುದು ನನಗೆ ಗೊತ್ತು. ಸ್ಟಾಪಿನಲ್ಲೇ ನಿಲ್ಲಿಸಿದರೆ ಏರುವವರು ಬಾಗಿಲಿಗೆ ಮುಗಿಬಿದ್ದು ಇಳಿಯುವವರನ್ನು ಒಳಗೇ ತುಳಿಯುತ್ತಾರೆ. ಸ್ವಲ್ಪ ಮುಂದೆ ಒಯ್ದರೆ ಗುಂಪು ಚದುರುತ್ತದೆ, ಮುದುಕರು ತದುಕರು ಇಳಿಯಲು ಒಂದು ಉಸಿರಿನಷ್ಟು ಪುರುಸೊತ್ತು ಸಿಗುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಹಿರಿಯ ಡ್ರೈವರುಗಳು ಕಲಿಸಿದ್ದೇ ಇದು. ಆದರೆ ಕಾಗದದ ಮೇಲೆ ಇದು ಬೇರೆ ಥರ ಕಾಣುತ್ತದೆ.

ದ್ರಾಕ್ಷಾಯಿಣಿ ನನ್ನನ್ನು ಇಲ್ಲಿ ಬಿಟ್ಟು ಕುಷ್ಟಗಿಗೆ ತವರಿಗೆ ಹೋಗಿದ್ದಾಳೆ. ಮಗಳು ಗಂಗಾವತಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳಲ್ಲ, ಹಾಸ್ಟೆಲಿನಲ್ಲಿ ಅವಳ ಗೆಳತಿಯರು ಅಪಘಾತ ಆದ ಮೇಲೆ ಯಾರೋ ತೆಗೆದ ವಿಡಿಯೋವನ್ನು ಮೊಬೈಲಿನಲ್ಲಿ ನೋಡಿದ್ದಾರೆ. ನನ್ನ ಜೊತೆ ಮಾತಾಡಿದಳು. ವಿಡಿಯೋ ಬಗ್ಗೆ ಮಾತಾಡಲಿಲ್ಲ.

ಮಗುವಿನ ಸಂಗತಿ ನೀನು ಬರೆಯಬಾರದಿತ್ತು.

ಮಾಂತೇಶ


ಕೊಪ್ಪಳ,
6 ಜುಲೈ 2025

ಮಾಂತೇಶಪ್ಪನವರಿಗೆ,

ಮೊದಲು ಮಂಗಳವಾರ್ತೆ. ಸರ್ಕಾರ ನಮ್ಮ ಸ್ಟಾಪಿಗೆ ದಯಮಾಡಿಸಿತ್ತು. ಎರಡು ಜೀಪು, ಒಂದು ಟೇಪು, ಮತ್ತು ಟೇಪಿನ ತುದಿ ಹಿಡಿಯಲೆಂದೇ ಬಂದ ಒಬ್ಬ ಗಂಭೀರ ಮನುಷ್ಯ. ರಸ್ತೆಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದರು. ವೃತ್ತಿಯವನಾಗಿ ನಾನು ಹೇಳುತ್ತೇನೆ, ಅಳತೆ ಅಚ್ಚುಕಟ್ಟಾಗಿತ್ತು, ಬಟ್ಟೆ ಯಾರಿಗೆ ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ಪಾದಚಾರಿಗಳ ಸುರಕ್ಷತೆ ಎಂದು ಸಾಹೇಬರೊಬ್ಬರು ಭಾಷಣ ಮಾಡುತ್ತಾ ರಸ್ತೆ ಮಧ್ಯಕ್ಕೆ ಬಂದು ನಿಂತರು. ಹಿಂದಿನಿಂದ ಬಂದ ಬಸ್ಸು ಹಾರನ್ ಬಾರಿಸಿದ ಮೇಲೆ ಭಾಷಣವನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಮುಂದುವರಿಸಿದರು.

ಫಲವಾಗಿ ಎರಡು ಕೆಲಸಗಳಾದವು. ಸ್ಟಾಪಿನ ಮುಂದೆ ಕಬ್ಬಿಣದ ಕಂಬಿ ಹಾಕಿದರು. ಜನ ಅದರ ಒಳಗೆ ನಿಲ್ಲಬೇಕಂತೆ. ಒಳಗೆ ನಿಂತರೆ ಕಿಟಕಿಗೆ ಕೈ ಎಟುಕದು, ಹಾಗಾಗಿ ಎಲ್ಲರೂ ಕಂಬಿಯ ಹೊರಗೆ, ಅಂದರೆ ರಸ್ತೆಯ ಮೇಲೆಯೇ ನಿಲ್ಲುತ್ತಾರೆ. ಕಂಬಿಯ ಮೇಲೆ ನನ್ನ ಹೆಂಡತಿ ನಾಹೀದಾ ದುಪ್ಪಟಿ ಒಣಹಾಕುತ್ತಾಳೆ. ಎರಡನೆಯದು, ‘ಬಸ್ಸಿನ ಹಿಂದೆ ಓಡಬೇಡಿ’ ಎಂಬ ಬೋರ್ಡು. ಅದರ ಮುಂದೆ ಮರುದಿನವೇ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಎದ್ದಿತು. ಈಗ ‘ಓಡಬೇಡಿ’ ಎಂಬುದು ಮರೆಯಾಗಿ, ಕೈಮುಗಿದ ಮುಖಂಡರ ಕಿವಿಯ ಪಕ್ಕ ‘ಬಸ್ಸಿನ ಹಿಂದೆ’ ಎಂಬುದಷ್ಟೇ ಕಾಣುತ್ತದೆ.

ನಗು ಇಷ್ಟಕ್ಕೇ ಮುಗಿಸುತ್ತೇನೆ. ಮುಂದಿನದು ನಿನಗೆ ಹಿಡಿಸದು.

ಮೊನ್ನೆ ಸುನಿತಾಳ ತಾಯಿ ದುರುಗವ್ವ ಬಂದಿದ್ದಳು, ಮೊಮ್ಮಗಳನ್ನು ಕರಕೊಂಡು. ಮಗುವಿನ ಹೆಸರು ಹುಲಿಗೆವ್ವ. ಸಾಲಿಗೆ ಹಚ್ಚಿದ್ದಾರೆ, ಯೂನಿಫಾರ್ಮ್ ಹೊಲಿಯಬೇಕು. ಅಪ್ಪ ಎಂಬುವನು ಎಂದೋ ಬಿಟ್ಟು ಹೋದವನು. ಈಗ ಅಜ್ಜಿ, ಸೋದರಮಾವ, ಈ ಕೂಸು.

ನಾನು ಭುಜದ ಅಳತೆ ಹಿಡಿಯುತ್ತಿದ್ದೆ. ರವಿಕೆ ಒಯ್ಯಲು ಬಂದ ವಿರೂಪಾಕ್ಷಮ್ಮ, ಒಳ್ಳೆಯ ಹೆಂಗಸೇ, ಮಗುವಿನ ತಲೆ ಸವರಿ, ಒಂದು ಸೀಟಿನ ಆಸೆಗೆ ಇಂಥ ಕೂಸನ್ನು ಬಿಟ್ಟು ಹೋದಳಲ್ಲ ನಿಮ್ಮವ್ವ ಎಂದಳು. ಮಗು ನನ್ನ ಟೇಪಿನೊಳಗಿಂದ ತಿರುಗಿ ನೋಡಿತು.

“ಸೀಟ್ ನಾ ಹಿಡದಿದ್ನೆಲ್ಲ. ಅವ್ವ ಎದ್ದಗಿದ್ದೀ ಅಂದಿದ್ಳು, ನಾ ಎದ್ದಿಲ್ಲ. ಮತ್ತ ಯಾಕ ಓಡಿದ್ಳು?”

ವಿರೂಪಾಕ್ಷಮ್ಮ ರವಿಕೆ ಮರೆತು ಹೋದಳು. ದುರುಗವ್ವ ನನ್ನನ್ನು ಬಾಗಿಲ ಹತ್ತಿರ ಕರೆದು ಮೆಲ್ಲಗೆ ಹೇಳಿದಳು, ಇದು ಸರಿಯಾಗಿ ಉಣ್ಣುವುದಿಲ್ಲ, ಸಾಲಿಯಲ್ಲಿ ಬೆಂಚಿನ ಮೇಲೆ ಕೂರುವುದಿಲ್ಲ, ನೆಲಕ್ಕೇ ಕೂರುತ್ತದೆ. ಟೀಚರು ಕೇಳಿದರೆ ಒಂದೇ ಮಾತು.

“‘ನಾ ಸೀಟ್ ಹಿಡೀದಿದ್ರ ಅವ್ವ ಸಾಯ್ತಿದ್ದಿಲ್ಲ’ ಅಂತೈತ್ರಿ. ನಾ ಏನ್ ಹೇಳ್ಲಿ? ಸೀಟಿನ ಆಸೆಕ್ಕ ಓಡಿದ್ಳು ಅಂತಾರ ಎಲ್ಲಾರೂ. ನಾನೂ ಹಂಗ ತಿಳದೀನಿ.”

ಮಾಂತ್ಯಾ, ಆರು ವರ್ಷದ ಕೂಸು ಕೇಳಿದ್ದನ್ನು ನಾನು ಕೇಳಿಕೊಂಡಿರಲಿಲ್ಲ. ಪೊಲೀಸರು ಕೇಳಲಿಲ್ಲ. ಟೇಪು ಹಿಡಿದವರೂ ಕೇಳಲಿಲ್ಲ. ಸೀಟು ಸಿಕ್ಕಾಗಿತ್ತು. ಮಗು ಒಳಗೆ ಕೂತಿತ್ತು. ಇನ್ನು ಸುನಿತಾ ಮಹಾರಾಣಿಯಂತೆ ನಡೆದು ಬಂದು ಕೊನೆಗೆ ಹತ್ತಿದರೂ ಆ ಸೀಟು ಎಲ್ಲಿಯೂ ಹೋಗುತ್ತಿರಲಿಲ್ಲ. ಸೀಟಿಗಾಗಿ ಓಡುವವರು ಸೀಟು ಸಿಗುವ ತನಕ ಓಡುತ್ತಾರೆ. ಅವಳು ಸಿಕ್ಕ ಮೇಲೆ ಓಡಿದಳು.

ಬಸ್ಸು ನಿಲ್ಲಲಿಲ್ಲ. ಅವಳ ಮಗು ಒಳಗಿತ್ತು. ಅದಕ್ಕೆ ಓಡಿದಳು.

ಅವಳು “ನಿಂದರ್ಸ್ರಿ, ನಿಂದರ್ಸ್ರಿ” ಎಂದು ಕೂಗಿದ್ದು ನನಗೆ ಕೇಳಿತ್ತು. ಆ ಸ್ಟಾಪಿನಲ್ಲಿ ದಿನಬೆಳಗಾದರೆ ಎಲ್ಲರೂ ಕೂಗುವುದು ಅದನ್ನೇ, ಹಾಗಾಗಿ ಇವಳೂ ಎಲ್ಲರಂತೆ ಎಂದುಕೊಂಡೆ.

ವಿಚಾರಣೆಯಲ್ಲಿ ಇದನ್ನು ಹೇಳಬೇಕೆಂದು ಮಾಡಿದ್ದೇನೆ. ಇಲ್ಲವಾದರೆ ಸೀಟಿನ ಆಸೆಗೆ ಸತ್ತಳು ಎಂದು ಕಾಗದದ ಮೇಲೆ ನಿಲ್ಲುತ್ತದೆ, ಆ ಮಗು ಓದು ಕಲಿತ ಮೇಲೆ ಅದನ್ನು ಓದುತ್ತದೆ. ಬೇರೆಯವರಿಂದ ತಿಳಿಯುವ ಮೊದಲು ನಿನಗೆ ನಾನೇ ತಿಳಿಸಬೇಕು ಎನ್ನಿಸಿತು.

ಇಂತಿ,
ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತ
ಉಮರಸಾಬ


ಯಲಬುರ್ಗಾ,
15 ಜುಲೈ 2025

ಉಮರಸಾಬರೇ,

ನೀವು ದರ್ಜಿಗಳು. ಕೋರ್ಟು ಯಾವಾಗ ತೆಗೆದಿರಿ?

ನನ್ನನ್ನು ಮಾಜಿ ಸಾರಥಿ ಎಂದು ಮೊದಲ ಪತ್ರದಲ್ಲೇ ಬರೆದಿದ್ದಿರಿ. ಆಗ ನಗೆಚಾಟಿಕೆ ಎಂದುಕೊಂಡಿದ್ದೆ. ಈಗ ಅದನ್ನು ನಿಜ ಮಾಡಲು ಹೊರಟಿದ್ದೀರಿ.

ಒಂದು ಮಾತು ಕೇಳುತ್ತೇನೆ, ಉತ್ತರ ಬೇಡ. ಆ ಸ್ಟಾಪಿನಲ್ಲಿ ಗಿಡದ ಈಚೆಗೆ ನಿಲ್ಲಿಸುವ ಡ್ರೈವರನ್ನು ನೀವು ಎಂದಾದರೂ ಕಂಡಿದ್ದೀರಾ? ಗಿಣಿಗೇರಿಗೆ ಹೋಗಿ ಬರಲು ಅವರು ಕೊಟ್ಟ ಟೈಮಿನಲ್ಲಿ ಎಲ್ಲ ಸ್ಟಾಪಿನಲ್ಲೂ ನಿಯಮದ ಪ್ರಕಾರ ನಿಲ್ಲಿಸಿದರೆ ಬಸ್ಸು ಮುಟ್ಟುವುದೇ ಇಲ್ಲ. ತಡವಾದರೆ ನನಗೆ ಮೆಮೊ. ಆ ಟೈಮು ಹಾಕಿದವನು ಕಟಕಟೆಗೆ ಬರುತ್ತಾನೆಯೇ? ಗಟಾರಕ್ಕೆ ಕಲ್ಲು ಮುಚ್ಚದೆ ಬಿಟ್ಟವನು ಬರುತ್ತಾನೆಯೇ? ಓಡುವ ಬಸ್ಸಿಗೆ ಮಗುವನ್ನು ಹಾಕಿದ ತಾಯಿಗೆ ಏನೂ ಹೇಳುವ ಹಾಗಿಲ್ಲ, ಸತ್ತಿದ್ದಾಳೆ. ಉಳಿದವನು ನಾನೊಬ್ಬ. ನನ್ನನ್ನು ಮನೆಗೆ ಕಳಿಸಿದರೆ ನಾಳೆಯಿಂದ ಬಸ್ಸುಗಳು ಸ್ಟಾಪಿನಲ್ಲೇ ನಿಲ್ಲುತ್ತವೆಯೇ?

ಮಗಳ ಓದು ಇನ್ನೂ ಮುಗಿದಿಲ್ಲ. ನನ್ನ ಕೈಗೆ ಸ್ಟೇರಿಂಗ್ ಬಿಟ್ಟು ಬೇರೆ ವಿದ್ಯೆ ಬಾರದು.

ಇನ್ನು ಬರೆಯಬೇಡಿ. ಗೀತಾಳಿಗೂ ಹೇಳಿದ್ದೇನೆ.

ಮಾಂತೇಶ


ಕೊಪ್ಪಳ,
22 ಆಗಸ್ಟ್ 2025

ಮಾಂತ್ಯಾ,

ಬರೆಯಬೇಡ ಎಂದೆ. ನಿನ್ನ ಮಾತು ನಾನು ಕೇಳಿದ್ದು ಯಾವಾಗ? ಗೀತಾಳನ್ನು ಒಪ್ಪಿಸಲು ಅವಳ ಮಗಳ ಲಂಗ ಹೊಲಿದು ಕೊಟ್ಟೆ. ಇದಕ್ಕೆ ಲಂಚ ಎನ್ನಬಾರದು, ತ್ವರಿತ ಅಂಚೆ ಎನ್ನಬೇಕು.

ನಿನ್ನೆ ವಿಚಾರಣೆ ಮುಗಿಯಿತು. ವಿಚಾರಣೆಯ ಕೋಣೆಯಲ್ಲಿ ಸಾಕ್ಷಿದಾರನಿಗೆಂದು ಒಂದು ಕುರ್ಚಿ ಇದೆ, ಅದರ ನಾಲ್ಕನೆಯ ಕಾಲು ಇಲಾಖೆಯ ಸೇವೆಯಲ್ಲಿ ನಿವೃತ್ತಿ ಹೊಂದಿದೆ. ಸತ್ಯ ಹೇಳುವವನು ತೂಕ ಒಂದು ಕಡೆಗೆ ಹಾಕಿ ಕೂರಬೇಕು. ನಾನು ಹಾಗೆಯೇ ಕೂತೆ.

ಸಾಹೇಬರು ಭಾಳ ಸಭ್ಯ ಮನುಷ್ಯ. ಚಹಾ ತರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಗುಮಾಸ್ತರು ನನ್ನ ಹೇಳಿಕೆಯನ್ನು ಟೈಪು ಮಾಡಿ ಮುಗಿಸಿದ್ದರು. ‘ಮೃತಳು ಸೀಟಿನ ಆಸೆಯಿಂದ ಚಲಿಸುವ ವಾಹನದ ಜೊತೆ ಓಡಿ’ ಎಂದಿತ್ತು. ಸಹಿ ಮಾಡುವುದಷ್ಟೇ ಬಾಕಿ. ನಾನು ಆ ಸಾಲು ತೆಗೆಯಿರಿ ಎಂದೆ. ಸಾಹೇಬರು ಯಾಕೆಂದರು.

“ಸೀಟ್ ಆಗ್ಲೇ ಸಿಕ್ಕಿತ್ರಿ ಆಕಿಗಿ. ಕೂಸು ಒಳಗ ಕುಂತಿತ್ತು. ಬಸ್ ನಿಂದರ್ಲಿಲ್ಲ, ಕೂಸಿನ ಹಿಂದ ಓಡಿದ್ಳು. ಇಷ್ಟ ಬರೀರಿ.”

ಸಾಹೇಬರು ಗುಮಾಸ್ತರತ್ತ ತಲೆ ಆಡಿಸಿದರು. ಆಮೇಲೆ ಗುಮಾಸ್ತರು ಬರೆದರು.

ನಿನ್ನ ಪ್ರಶ್ನೆಗಳನ್ನೂ ನಾನು ಅಲ್ಲಿಟ್ಟೆ. ಎಲ್ಲ ಡ್ರೈವರೂ ಗಿಡದ ಹತ್ತಿರವೇ ನಿಲ್ಲಿಸುತ್ತಾರೆ, ಟೈಮು ಸಾಲುವುದಿಲ್ಲ, ಗಟಾರ ಬಾಯಿ ತೆರೆದಿದೆ, ಇಷ್ಟನ್ನೂ ಹೇಳಿದೆ. ಸಾಹೇಬರು ಅದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ ಎಂದರು. ಎಷ್ಟು ಕೇಳಿಕೊಂಡರೂ ಬರೆಸಲಿಲ್ಲ. ನಿನ್ನ ವಿರುದ್ಧ ಹೋಗುವ ಮಾತು ಕಾಗದಕ್ಕೆ ಹತ್ತಿತು, ನಿನ್ನ ಪರವಾದದ್ದು ಗಾಳಿಗೆ ಹೋಯಿತು. ಈ ಲೆಕ್ಕ ನನಗೂ ಕಹಿಯಾಗಿದೆ.

ಕೊನೆಗೆ ಒಂದು ಪ್ರಶ್ನೆ ಕೇಳಿದರು. ಮಗುವನ್ನು ಒಳಗೆ ಹಾಕುವುದು ಡ್ರೈವರಿಗೆ ಕಂಡಿತ್ತೇ ಎಂದು. ನಾನು ರಸ್ತೆಯ ಈಚೆ ಇದ್ದವನು, ನನಗೆ ತಿಳಿಯದು ಎಂದೆ. ಕಂಡಿರಲಿಲ್ಲ ಎಂದು ಡ್ರೈವರೇ ಹೇಳಿದ್ದಾರೆ, ಅಲ್ಲಿಗೆ ಆಯಿತು ಎಂದು ಸಾಹೇಬರು ಪೆನ್ನಿಗೆ ಟೊಪ್ಪಿಗೆ ಹಾಕಿದರು.

ಹೊರಗೆ ನಿನ್ನ ವಕೀಲರು ನಿಂತಿದ್ದರು. ನನ್ನನ್ನು ನೋಡಿದ ರೀತಿಗೆ ನನ್ನ ಅಂಗಿಯ ಗುಂಡಿ ತಾನೇ ಬಿಚ್ಚಿಕೊಳ್ಳಬೇಕಿತ್ತು.

ಬೈದಾದರೂ ಒಂದು ಪತ್ರ ಬರೆ.

ಉಮರಸಾಬ


ಕೊಪ್ಪಳ,
30 ಅಕ್ಟೋಬರ್ 2025

ಮಾಂತ್ಯಾ,

ಬೈಗುಳವೂ ಬರಲಿಲ್ಲ. ನಿನ್ನ ಮನೆಯ ಕಡೆಯ ಸುದ್ದಿ ಗೀತಾ ಹೇಳಿದ್ದಷ್ಟೇ. ನನ್ನ ತಂಗಿಯಂಥ ದ್ರಾಕ್ಷಾಯಿಣಿ ಕುಷ್ಟಗಿಯಿಂದ ತಿರುಗಿ ಬಂದಳಂತೆ, ಸಂತೋಷ. ನೀನು ಮಾತು ಕಡಿಮೆ ಮಾಡಿ, ಬಸ್ಸು ಹೋಗುವ ಹೊತ್ತಿಗೆ ಹಿತ್ತಲಿಗೆ ಹೋಗಿ ಕೂರುತ್ತೀಯಂತೆ.

ನಿನ್ನ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದೆ, ಬೇಡವೆಂದರೂ ಕೇಳು. ಬಸ್ಸುಗಳು ಈಗ ಸ್ಟಾಪಿನಲ್ಲೇ ನಿಲ್ಲುತ್ತವೆ. ವಿಚಾರಣೆ ಮುಗಿದ ಮೇಲೆ ಯಾರಿಗೋ ಬುದ್ಧಿ ಬಂದು ಬಿಳಿ ಗೆರೆ ಎಳೆಸಿದರು, ಗೆರೆ ದಾಟಿದರೆ ಮೆಮೊ ಎಂದರು. ನಿನ್ನ ಜಾಗಕ್ಕೆ ಬಂದಿರುವ ಗವಿಸಿದ್ದೇಶ ಎಂಬ ಹುಡುಗ ಗೆರೆಯ ಮೇಲೆ ದೇವರನ್ನು ನಿಲ್ಲಿಸಿದಂತೆ ಬಸ್ಸು ನಿಲ್ಲಿಸುತ್ತಾನೆ. ನಮ್ಮ ಮಹಾಜನರು ಅದಕ್ಕೆ ಮಾಡಿದ್ದೇನು? ಓಡುವ ಬಸ್ಸಿಗೆ ಮಗುವನ್ನು ಹಾಕಲು ಧೈರ್ಯ ಬೇಕಿತ್ತು. ನಿಂತ ಬಸ್ಸಿಗೆ ಹಾಕುವುದು ಸರಾಗ. ಈಗ ಒಂದೊಂದು ಕಿಟಕಿಗೆ ಇಬ್ಬಿಬ್ಬರು ಮಕ್ಕಳು ಹೋಗುತ್ತಾರೆ. ಗವಿಸಿದ್ದೇಶ ಇಳಿದು ಬಂದು ಕೈಮುಗಿಯುತ್ತಾನೆ, ಮಕ್ಕಳು ಪೂರ್ತಿ ಒಳಗೆ ಹೋಗಿ, ತಾಯಂದಿರು ಹತ್ತಿ, ಎಲ್ಲರೂ ಕೂತ ಮೇಲೆಯೇ ಗಾಲಿ ತಿರುಗಿಸುತ್ತಾನೆ. ತಡವಾಗಿ ಬಂದದ್ದಕ್ಕೆ ಮುಂದಿನ ಸ್ಟಾಪು ಭಾಗ್ಯನಗರದ ಜನ ಅವನಿಗೆ ಸಹಸ್ರನಾಮ ಮಾಡುತ್ತಾರೆ. ಕೇಳಿಸಿಕೊಳ್ಳುತ್ತಾನೆ.

ಗಟಾರ ಹಾಗೆಯೇ ಇದೆ.

ನಾನು ಬರೆಯಬೇಕೆಂದದ್ದು ಬೇರೆ. ವಿಚಾರಣೆ ಆದ ವಾರವೇ ದುರುಗವ್ವನ ಮನೆಗೆ ಹೋಗಿ ಮಗುವನ್ನು ಎದುರು ಕೂರಿಸಿಕೊಂಡು ಹೇಳಿದ್ದೆ. ನಿಮ್ಮವ್ವ ಸೀಟಿಗಾಗಿ ಓಡಲಿಲ್ಲ ತಾಯಿ, ನಿನಗಾಗಿ ಓಡಿದಳು, ಬಸ್ಸು ನಿಲ್ಲಬೇಕಿತ್ತು, ನಿಲ್ಲಲಿಲ್ಲ, ನೀನು ಏನೂ ತಪ್ಪು ಮಾಡಿಲ್ಲ ಎಂದೆ. ಘನವಾದ ಕೆಲಸ ಮಾಡಿದೆನೆಂದು ಎದೆ ಉಬ್ಬಿಸಿಕೊಂಡು ಬಂದೆ.

ಹುಡುಗಿ ಈಗಲೂ ಸಾಲಿಯಲ್ಲಿ ನೆಲಕ್ಕೇ ಕೂರುತ್ತದೆ. ಮೊನ್ನೆ ಯೂನಿಫಾರ್ಮಿನ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಸಲು ಬಂದಿದ್ದರು. ಬಿಚ್ಚುವ ಅಗತ್ಯ ಇರಲಿಲ್ಲ, ಮಗು ಇಳಿದು ಹೋಗಿದೆ. ನಾನು ಹೇಳಿದ್ದು ನೆನಪಿದೆಯೇ ಎಂದು ಕೇಳಿದೆ. ನೆನಪಿದೆ ಎಂದಿತು. ಅಜ್ಜಿಯನ್ನೇ ಅದು ಅಮ್ಮ ಎಂದು ಕರೆಯುವುದು.

“ನೀವು ಸಮಾಧಾನಕ್ಕ ಹೇಳ್ತೀರಿ. ಅಮ್ಮನೂ ಹಂಗ ಹೇಳ್ತಾಳ. ನೀವು ಬಸ್ಸಿನ್ಯಾಗ ಇದ್ದಿಲ್ಲ. ಬಸ್ ಹೊಡ್ಯಾರು ಹೇಳ್ಲಿ.”

ಅಳತೆ ಹಿಡಿಯುವವನ ಅಳತೆಯನ್ನೇ ತೆಗೆದುಬಿಟ್ಟಿತು. ನಾನು ನೋಡಿದವನು ಮಾತ್ರ. ನಿಲ್ಲಿಸದೆ ಹೋದವನ ಬಾಯಿಂದ ಕೇಳಿದರೆ ಮಾತ್ರ ನಂಬುತ್ತದೆ.

ಇದನ್ನು ನಿನಗೆ ಆಜ್ಞೆ ಎಂದು ಬರೆಯುತ್ತಿಲ್ಲ. ಇಲಾಖೆಯ ಆದೇಶ ಇನ್ನೂ ಬಂದಿಲ್ಲ, ಇಂಥ ಹೊತ್ತಿನಲ್ಲಿ ನೀನು ಆ ಓಣಿಗೆ ಕಾಲಿಡುವುದು ಅಪಾಯ ಎಂದು ನನಗೂ ತಿಳಿದಿದೆ. ಸುನಿತಾಳ ತಮ್ಮ ಕೋಪಿಷ್ಠ. ವಕೀಲರಂತೂ ಬೋರಲು ಬೀಳುತ್ತಾರೆ. ಆದರೆ ಕೂಸು ಹೇಳಿದ್ದನ್ನು ನಿನಗೆ ಮುಟ್ಟಿಸದೆ ನನ್ನಲ್ಲೇ ಇಟ್ಟುಕೊಳ್ಳಲು ಆಗಲಿಲ್ಲ.

ಉಮರಸಾಬ


ಯಲಬುರ್ಗಾ,
6 ಡಿಸೆಂಬರ್ 2025

ಉಮರ್ಯಾ,

ನಿನ್ನೆ ಕೊಪ್ಪಳಕ್ಕೆ ಬಂದಿದ್ದೆ. ಶುಕ್ರವಾರ ನೀನು ನಮಾಜಿಗೆ ಹೋಗುವ ಹೊತ್ತು ನೋಡಿಕೊಂಡೇ ಬಂದೆ. ನಿನ್ನ ಅಂಗಡಿಯ ಬಾಗಿಲು ಹಾಕಿತ್ತು. ನಿನ್ನ ಮುಖ ನೋಡಿದ್ದರೆ ನೀನು ಜೊತೆಗೆ ಬರುತ್ತೇನೆ ಎನ್ನುತ್ತಿದ್ದೆ, ಏನಾದರೊಂದು ನಗೆಮಾತು ಆಡುತ್ತಿದ್ದೆ, ನಾನು ಅದರ ಹಿಂದೆ ಅಡಗಿಕೊಳ್ಳುತ್ತಿದ್ದೆ.

ದುರುಗವ್ವನ ಮನೆಯನ್ನು ಕೇಳಿಕೊಂಡು ಹೋದೆ. ಅವಳು ನನ್ನನ್ನು ಗುರುತಿಸಲಿಲ್ಲ. ಹೆಸರು ಹೇಳಿದೆ. ಬಾಗಿಲಲ್ಲಿ ಕೈ ಅಡ್ಡ ಇಟ್ಟು ನಿಂತಳು. ಆಮೇಲೆ ಕೈ ತೆಗೆದಳು, ಒಳಗೆ ಬಾ ಎನ್ನಲಿಲ್ಲ. ನಾನು ಹೊಸ್ತಿಲ ಹೊರಗೆ ಕೂತೆ.

ಹುಡುಗಿ ಸಾಲಿಯಿಂದ ಊಟದ ಬಿಡುವಿಗೆ ಬಂದಿತ್ತು. ನಾನು ಯಾರು ಎಂದು ಅಜ್ಜಿ ಹೇಳಿದಳು. ಅಳುತ್ತದೆ, ಓಡಿಹೋಗುತ್ತದೆ ಎಂದುಕೊಂಡಿದ್ದೆ. ಬಂದು ಎದುರಿಗೆ ನಿಂತಿತು. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ, ಟೈಮು, ಇಳಿಯುವವರು, ಗಟಾರ. ಒಂದೂ ಬಾಯಿಗೆ ಬರಲಿಲ್ಲ. ಬಸ್ಸು ನಿಲ್ಲಿಸಬೇಕಿತ್ತವ್ವಾ, ನಾನು ನಿಲ್ಲಿಸಲಿಲ್ಲ ಎಂದೆ.

ಅದು ನನ್ನನ್ನೇ ನೋಡುತ್ತಾ ಕೇಳಿತು.

“ನಾ ಒಳಗ ಬಂದಿದ್ದು ನಿಮಗ ಕಂಡಿತ್ತೇನು?”

ಉಮರ್ಯಾ, ಪೊಲೀಸರು ಇದನ್ನೇ ಕೇಳಿದ್ದರು. ಸಾಹೇಬರು ಕೇಳಿದ್ದರು. ದ್ರಾಕ್ಷಾಯಿಣಿ ಕೇಳಿದ್ದಳು. ಎಲ್ಲರಿಗೂ ಕಂಡಿರಲಿಲ್ಲ ಎಂದೇ ಹೇಳಿದ್ದೆ. ನೀನೊಬ್ಬ ಕೇಳಿರಲಿಲ್ಲ, ಯಾಕೆ ಕೇಳಲಿಲ್ಲ ಎಂದು ನನಗೆ ಗೊತ್ತು.

“ಕಂಡಿತ್ತವ್ವಾ,” ಎಂದೆ.

ಕನ್ನಡಿಯಲ್ಲಿ ಎರಡು ಕಾಲು ಕಿಟಕಿಯೊಳಗೆ ಹೋಗುವುದು ಕಂಡಿತ್ತು. ದಿನಾ ಕಾಣುತ್ತಿದ್ದವು. ಚೀಲ ಕಂಡಂತೆ ಕಂಡೆ. ಮುಂದಕ್ಕೆ ಒಯ್ದೆ.

ಸೋಮವಾರ ಕಚೇರಿಗೆ ಬಂದು ನನ್ನ ಹೇಳಿಕೆ ತಿದ್ದಿ ಕೊಡುತ್ತೇನೆ. ವಕೀಲರಿಗೆ ತಿಳಿಸಿದೆ, ಅವರು ಕೇಸಿನ ಕಾಗದಗಳ ಕಟ್ಟು ವಾಪಸು ಕಳಿಸಿದ್ದಾರೆ. ಕೆಲಸ ಹೋಗುತ್ತದೆ, ಬಹುಶಃ ಜೈಲೂ ಆಗುತ್ತದೆ. ದ್ರಾಕ್ಷಾಯಿಣಿಗೆ ರಾತ್ರಿ ಹೇಳಿದೆ. ಮಗಳಿಗೆ ಅವಳೇ ಹೇಳುತ್ತಾಳಂತೆ.

ಹುಡುಗಿ ಏನು ಮಾಡಿತು ಎಂದು ನೀನು ಕೇಳುತ್ತೀ. ತಿರುಗಿ ಒಳಗೆ ಹೋಗಿ ಅಜ್ಜಿಯ ಸೆರಗು ಹಿಡಿದು ಜಗ್ಗಿತು.

“ಅಮ್ಮಾ, ಕೇಳಿದೇನ? ನಾ ಅಲ್ಲ.”

ದುರುಗವ್ವ ಅದನ್ನು ಅವಚಿಕೊಂಡು ಗೋಡೆಯ ಕಡೆ ಮುಖ ಮಾಡಿದಳು. ನನ್ನ ಕಡೆ ತಿರುಗದೆಯೇ, ನನ್ನ ಮಗ ಬರುವ ಹೊತ್ತಾಯಿತು, ಎದ್ದು ಹೋಗು ಎಂದಳು. ನಾನು ಎದ್ದು ಬಂದೆ.

ಮಾಂತೇಶ